‘ಎರಡು ವರ್ಷದಿಂದ’ ಎನ್ನಲು ಸಿನ್ಸ್ ಬೇಕೋ, ಫಾರ್ ಬೇಕೋ?

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂದು ಬರೆದಿದ್ದೆ. ಸಿನ್ಸ್ ತಪ್ಪು, ಫಾರ್ ಹಾಕಬೇಕು ಎಂದು ತಿದ್ದಿದರು. ಫಾರ್ ಎಂದರೆ ‘ಗಾಗಿ’ ಅಲ್ಲವೇ? ‘ಇಂದ’ ಎನ್ನಲು ಫ್ರಮ್ ಎಂದು ಓದಿದ ನೆನಪು. ಯಾವುದು ಎಲ್ಲಿ ಬರುತ್ತದೆ?

ಉತ್ತರ: ತಿದ್ದಿದವರು ಅರ್ಧ ಮಾತ್ರ ತಿದ್ದಿದ್ದಾರೆ. ಪೂರ್ತಿ ಸರಿಯಾದ ವಾಕ್ಯ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’. ಉಳಿದರ್ಧದ ವಿಷಯಕ್ಕೆ ಆಮೇಲೆ ಬರುತ್ತೇನೆ.

ತೊಡಕಿರುವುದು ನಮ್ಮ ‘ಇಂದ’ದಲ್ಲಿ. ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ, ನಾಳೆಯಿಂದ ರಜೆ: ಮೂರಕ್ಕೂ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿಗೆ ಕ್ರಮವಾಗಿ ಸಿನ್ಸ್, ಫಾರ್, ಫ್ರಮ್ ಬೇಕು. ಇದು ಕನ್ನಡಿಗರೊಬ್ಬರ ಕಷ್ಟವೂ ಅಲ್ಲ. ಹಿಂದಿಯ ‘ಸೇ’, ಜರ್ಮನ್ನಿನ ‘ಜೈಟ್’ ಕೂಡ ಸೋಮವಾರಕ್ಕೂ ಮೂರು ದಿನಕ್ಕೂ ಭೇದ ಮಾಡುವುದಿಲ್ಲ. ಅವರೂ ನಿಮ್ಮಂತೆಯೇ ಎಡವುತ್ತಾರೆ.

‘ಎರಡು ಗಂಟೆಯಿಂದ ಕಾಯುತ್ತಿದ್ದೇನೆ’ ಎಂಬ ಮಾತನ್ನೇ ನೋಡಿ. ಗಡಿಯಾರ ಎರಡು ಹೊಡೆದಾಗ ಬಂದು ನಿಂತಿರೋ, ಬಂದು ಎರಡು ತಾಸಾಯಿತೋ? ಕನ್ನಡದಲ್ಲಿ ಎರಡೂ ಆಗುತ್ತದೆ, ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಇಂಗ್ಲಿಷ್ ಅಷ್ಟು ಸಡಿಲ ಬಿಡುವುದಿಲ್ಲ. ಮೊದಲನೆಯದು ‘ಸಿನ್ಸ್ ಟೂ ಓಕ್ಲಾಕ್’, ಎರಡನೆಯದು ‘ಫಾರ್ ಟೂ ಅವರ್ಸ್’. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಬಹುದಾದರೆ ಸಿನ್ಸ್. ಎಣಿಸಿ ‘ಇಷ್ಟು’ ಎನ್ನುವುದಾದರೆ ಫಾರ್. ಇಲ್ಲಿ ಅದಕ್ಕೆ ‘ಗಾಗಿ’ಯ ಅರ್ಥವೇ ಇಲ್ಲ, ಅದು ಬರೀ ಅಳತೆ. ಸಿನ್ಸ್‌ನ ಮೂಲದಲ್ಲಿರುವ ಹಳೆಯ ಇಂಗ್ಲಿಷ್ ಪದಕ್ಕೆ ‘ಅದಾದ ಮೇಲೆ’ ಎಂಬ ಅರ್ಥವಿತ್ತು. ಯಾವುದಾದ ಮೇಲೆ ಎಂದು ಕೇಳಿದರೆ ‘ಸೋಮವಾರ’ ಎನ್ನಬಹುದು, ‘2019’ ಎನ್ನಬಹುದು, ‘ಮದುವೆ’ ಎಂದರೂ ನಡೆದೀತು.

‘ಲಾಸ್ಟ್’ ಎಂಬ ಪದ ಮಾತ್ರ ಎಂಥವರನ್ನೂ ಹಳ್ಳಕ್ಕೆ ಬೀಳಿಸುತ್ತದೆ. ಹೋದ ತಿಂಗಳಿಂದ ಎನ್ನುವುದು ‘ಸಿನ್ಸ್ ಲಾಸ್ಟ್ ಮಂತ್’. ಆದರೆ ಕಳೆದ ಎರಡು ತಿಂಗಳಿಂದ ಎಂದಾಗ ‘ಫಾರ್ ದ ಲಾಸ್ಟ್ ಟೂ ಮಂತ್ಸ್’ ಎನ್ನಬೇಕು, ಏಕೆಂದರೆ ಅಲ್ಲಿ ಎಣಿಕೆ ನುಸುಳಿತು. ಕಚೇರಿ ಇಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ.

ಈಗ ಉಳಿದರ್ಧ. ‘ಎರಡು ವರ್ಷ ಕೆಲಸ ಮಾಡಿದೆ’ ಎಂದರೆ ಮುಗಿದ ಕತೆ. ‘ಎರಡು ವರ್ಷದಿಂದ ಮಾಡುತ್ತಿದ್ದೇನೆ’ ಎಂದರೆ ಇನ್ನೂ ನಡೆದಿದೆ. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ಫಾರ್ ಟೂ ಇಯರ್ಸ್’ ಎಂದೇ ಬರುತ್ತದೆ! ವ್ಯತ್ಯಾಸವೆಲ್ಲ ಕ್ರಿಯಾಪದದಲ್ಲಿ: ಅಲ್ಲಿ ‘ವರ್ಕ್ಡ್’, ಇಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’. ಅಂದರೆ ನಮ್ಮ ‘ಇಂದ’ ಹೇಳುತ್ತಿದ್ದ ‘ಇನ್ನೂ ಮುಗಿದಿಲ್ಲ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಹ್ಯಾವ್ ಬೀನ್ ಹೇಳುತ್ತದೆ. ‘ಐ ಆಮ್ ವರ್ಕಿಂಗ್’ ಅನ್ನು ಹಾಗೇ ಬಿಟ್ಟು ಬರೀ ಸಿನ್ಸ್ ತೆಗೆದರೆ ಸಾಲದು ಎಂದದ್ದು ಅದಕ್ಕೇ.

ಫ್ರಮ್‌ಗೆ ‘ಇವತ್ತಿನವರೆಗೆ’ ಎಂಬ ಹಂಗಿಲ್ಲ. ಬರೀ ಆರಂಭ ಹೇಳಿ ಸುಮ್ಮನಾಗುತ್ತದೆ: ‘ಫ್ರಮ್ ಟುಮಾರೋ’, ‘ಫ್ರಮ್ 2015 ಟು 2018’. ಇನ್ನೂ ಬಾರದ ನಾಳೆಗೆ ಸಿನ್ಸ್ ಹಾಕಲು ಬರುವುದಿಲ್ಲ. ಹಾಗೆಯೇ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಫ್ರಮ್ 2019’ಕ್ಕಿಂತ ‘ಸಿನ್ಸ್ 2019’ ಸರಿ.

ಇಷ್ಟಾಗಿಯೂ ಸಿನ್ಸ್ ಮತ್ತು ಎರಡು ವರ್ಷ ಒಂದೇ ವಾಕ್ಯದಲ್ಲಿ ಬರಲೇಬೇಕು ಎಂಬ ಹಟ ನಿಮಗಿದ್ದರೆ, ‘ನಾನಿಲ್ಲಿಗೆ ಬಂದು ಎರಡು ವರ್ಷವಾಯಿತು’ ಎಂದುಕೊಳ್ಳಿ. ‘ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಕೇಮ್ ಹಿಯರ್.’ ಇದನ್ನು ಯಾರೂ ತಿದ್ದಲಾರರು. ಇಲ್ಲಿ ಸಿನ್ಸ್ ಹಿಡಿದುಕೊಂಡಿರುವುದು ವರ್ಷದ ಲೆಕ್ಕವನ್ನಲ್ಲ, ನೀವು ಬಂದದ್ದನ್ನು.