ಗಾಳಿಯಿಂದ ಬೆಳಗುವ ಮುಖಗಳು

ಪ್ಯಾಸ್ಟೆಲ್ ಎಂದರೆ ಮಕ್ಕಳ ಬಣ್ಣದ ಸೀಮೆಸುಣ್ಣ, ಅದರಲ್ಲಿ ಬಿಡಿಸಿದ ಚಿತ್ರ ಬೇಗ ಮಾಸುತ್ತದೆ ಎಂಬ ತಪ್ಪು ತಿಳಿವಳಿಕೆ ಕಲಾಸಕ್ತರಲ್ಲೂ ಉಳಿದಿದೆ. ಫ್ರೆಂಚ್ ಚಿತ್ರಕಾರ ಎದುವಾರ್ ಮಾನೆ 1880ರ ಸುಮಾರಿಗೆ ಪ್ಯಾಸ್ಟೆಲ್‌ನಲ್ಲೇ ರಚಿಸಿದ ಇರ್ಮಾ ಬ್ರುನ್ನರ್ ಭಾವಚಿತ್ರ ಪ್ಯಾರಿಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಪಕ್ಕಕ್ಕೆ ತಿರುಗಿದ ಮುಖ, ದೊಡ್ಡ ಕಪ್ಪು ಟೋಪಿ, ಕೆಂಪು ತುಟಿ. ಕೆನ್ನೆಯ ಬಿಳುಪಂತೂ ಒಳಗಿನಿಂದಲೇ ಹೊಮ್ಮಿದಂತೆ ಕಾಣುತ್ತದೆ. ಆ ಹೊಳಪಿನಲ್ಲಿ ಗಾಳಿಯ ಪಾಲು ದೊಡ್ಡದು.

ಪ್ಯಾಸ್ಟೆಲ್ ಕಡ್ಡಿಯಲ್ಲಿರುವುದು ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಅವು ಉದುರಿಹೋಗದಂತೆ ಹಿಡಿದಿಡುವಷ್ಟು ಮಾತ್ರ ಅಂಟು. ಉಜ್ಜಿದಾಗ ಕಣಗಳು ಕಾಗದದ ತರಿಗೆ ಸಿಕ್ಕಿಕೊಳ್ಳುತ್ತವೆ, ಅವುಗಳ ಸಂದುಗಳಲ್ಲಿ ಗಾಳಿ ಉಳಿಯುತ್ತದೆ. ಬೆಳಕು ಗಾಳಿಯಿಂದ ಕಣಕ್ಕೆ, ಕಣದಿಂದ ಮತ್ತೆ ಗಾಳಿಗೆ ದಾಟುವಾಗಲೆಲ್ಲ ಚದುರುತ್ತದೆ. ಎರಡು ವಸ್ತುಗಳ ವಕ್ರೀಭವನ ಸೂಚ್ಯಂಕಗಳ (ವಸ್ತುವೊಂದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಅಂತರ ಹೆಚ್ಚಿದಷ್ಟೂ ಚದುರುವಿಕೆ ಹೆಚ್ಚು. ಗಾಳಿಯ ಸೂಚ್ಯಂಕ ಸುಮಾರು 1, ಅಗಸೆ ಎಣ್ಣೆಯದು 1.48, ಸೀಮೆಸುಣ್ಣದ್ದು 1.6ರ ಆಸುಪಾಸು. ಆದ್ದರಿಂದ ಗಾಳಿಯಲ್ಲಿ ಅಚ್ಚ ಬಿಳುಪಾಗಿರುವ ಅದೇ ಪುಡಿಯನ್ನು ಎಣ್ಣೆಯಲ್ಲಿ ಕಲಸಿದರೆ ಬಿಳುಪು ಅಡಗಿ ಅರೆಪಾರದರ್ಶಕವಾಗುತ್ತದೆ. ಕಲ್ಲುಸಕ್ಕರೆಯನ್ನು ಕುಟ್ಟಿದರೆ ಬೆಳ್ಳಗಾಗುವುದೂ, ಬೋಂಡಾ ಕಟ್ಟಿದ ಕಾಗದದಲ್ಲಿ ಎಣ್ಣೆ ಹೀರಿದ ಜಾಗ ಬೆಳಕಿಗೆ ಹಿಡಿದಾಗ ಕಿಟಕಿಯಂತೆ ತೆರೆದುಕೊಳ್ಳುವುದೂ, ನೀರು ಬಿದ್ದ ಕಡೆ ರಂಗೋಲಿಯ ಬಿಳುಪು ಕುಂದುವುದೂ ಇದೇ ನಿಯಮದಿಂದ.

1720ರಲ್ಲಿ ವೆನಿಸ್‌ನ ಚಿತ್ರಕಾರ್ತಿ ರೊಸಾಲ್ಬಾ ಕಾರಿಯೆರಾ ಪ್ಯಾರಿಸಿಗೆ ಬಂದ ಮೇಲೆ ಅಲ್ಲಿನ ಶ್ರೀಮಂತರು ಪ್ಯಾಸ್ಟೆಲ್ ಭಾವಚಿತ್ರಗಳಿಗೆ ಮುಗಿಬಿದ್ದರು. ಫ್ರೆಂಚ್ ಕ್ರಾಂತಿಯ ನಂತರ ಹಿಂದೆ ಸರಿದ ಈ ಮಾಧ್ಯಮವು 19ನೇ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಚಿಗುರಿ, 1885ರಲ್ಲಿ ಫ್ರೆಂಚ್ ಪ್ಯಾಸ್ಟೆಲ್ ಕಲಾವಿದರದೇ ಸಂಘವೊಂದು ಹುಟ್ಟಿಕೊಂಡಿತು. 1883ರಲ್ಲಿ ತೀರಿಕೊಂಡ ಮಾನೆಗೆ ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ನಿಲ್ಲುವುದೂ ಕಷ್ಟವಾಗಿತ್ತು. ಬಣ್ಣ ಒಣಗುವ ತನಕ ಕಾಯಿಸದ ಪ್ಯಾಸ್ಟೆಲ್ ಆಗ ಅವನ ಕೈಹಿಡಿಯಿತು.

ಈ ಚಿತ್ರಗಳು ಮಾಸಿದ ಕಡೆ ದೋಷ ಸಾಮಾನ್ಯವಾಗಿ ಬಣ್ಣದ ಪುಡಿಯದು, ವಿಧಾನದ್ದಲ್ಲ. 1856ರ ನಂತರ ಬಂದ ಕೃತಕ ಬಣ್ಣಗಳಲ್ಲಿ ಕೆಲವು ಬೆಳಕಿಗೆ ಬೇಗ ಸೋಲುತ್ತವೆ; ಮಣ್ಣಿನಿಂದ ತೆಗೆದ ಕಾವಿ ಹಾಗಲ್ಲ. ಹಳದಿಗಟ್ಟಲು ಇಲ್ಲಿ ಎಣ್ಣೆಯೇ ಇಲ್ಲ. ನಿಜವಾದ ಅಪಾಯ ಉದುರುವುದರಲ್ಲಿದೆ, ಆದರೆ ಅದನ್ನು ತಡೆಯಲೆಂದು ಸಿಂಪಡಿಸುವ ಅಂಟುದ್ರವ ಸಂದುಗಳ ಗಾಳಿಯನ್ನು ಹೊರದೂಡಿ ಬಣ್ಣವನ್ನು ಕಪ್ಪಾಗಿಸುತ್ತದೆ. ಮಾನೆಯ ಸಮಕಾಲೀನ ಚಿತ್ರಕಾರ ಎದ್ಗಾರ್ ದೆಗಾ ಪದರದ ಮೇಲೆ ಪದರ ಹಚ್ಚುತ್ತಾ ನಡುನಡುವೆ ಆ ದ್ರವವನ್ನು ಸಿಂಪಡಿಸಿ, ಅದರ ಮೇಲೆ ಮತ್ತೆ ಒಣಪುಡಿಯನ್ನೇ ಹಚ್ಚುತ್ತಿದ್ದ.