ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) ಹೆಂಡತಿಯ ಹೆಸರು ಸರಿಯಾಗಿದೆಯಾ?

ಮಾಜಿ ಸೈನಿಕರಿಗೆ ನೆರವಾಗುವ ಸಂಸ್ಥೆ ಅಂದ ಕೂಡಲೇ ಜನರಿಗೆ ನೆನಪಾಗುವುದು ಶಾಲು, ಹಾರ, ಚೆಕ್ಕು. ಬೆಂಗಳೂರಿನ ನಮ್ಮ ಪುಟ್ಟ ಆಫೀಸಿನಲ್ಲಿ ಜಾಸ್ತಿ ಕಾಣುವುದು ಜೆರಾಕ್ಸ್ ಪ್ರತಿಗಳು. ನಮ್ಮಲ್ಲಿಗೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಸಲ್ಲಬೇಕಾದ ಹಣ ಸರ್ಕಾರದಲ್ಲಿ ಇದ್ದೇ ಇದೆ. ಕಾಗದ ಹೊಂದುತ್ತಿಲ್ಲ, ಹಾಗಾಗಿ ಕೈಗೆ ಬಂದಿಲ್ಲ.

ಪದೇ ಪದೇ ಬರುವ ಪ್ರಕರಣ ಹೀಗಿರುತ್ತದೆ. ಹವಾಲ್ದಾರರಾಗಿ ನಿವೃತ್ತರಾದವರು, ಆಮೇಲೆ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ ಮಾಡಿಕೊಂಡಿದ್ದವರು ತೀರಿಕೊಂಡಿದ್ದಾರೆ. ಹೆಂಡತಿಯ ಆಧಾರ್‌ನಲ್ಲಿ ‘ಶಾಂತಮ್ಮ’ ಎಂದಿದೆ. ಸೇನೆಯ ದಾಖಲೆಯಲ್ಲಿ, ಹಾಗಾಗಿ ಪಿಪಿಒದಲ್ಲೂ, ‘ಶಾಂತಾ ಬಾಯಿ’. ಮದುವೆಯಾದ ಹೊಸದರಲ್ಲಿ ದೂರದ ಯೂನಿಟ್ಟಿನ ಗುಮಾಸ್ತರು ತಮಗೆ ತೋಚಿದಂತೆ ಬರೆದುಕೊಂಡಿದ್ದು. ಹುಟ್ಟಿದ ದಿನವೂ ಅಂದಾಜಿನದೇ. ಗಂಡ ಇರುವವರೆಗೆ ಇದನ್ನು ಯಾರೂ ಕೇಳುವುದಿಲ್ಲ. ಅವರು ಹೋದ ಮೇಲೆ ಎರಡೂ ಹೆಸರು ಒಬ್ಬರದೇ ಎಂದು ಈಕೆ ಸಾಬೀತು ಮಾಡಬೇಕು. ಅಫಿಡವಿಟ್ಟು, ಸೈನಿಕರ ಸೇವಾ ದಾಖಲೆ ಇಟ್ಟುಕೊಳ್ಳುವ ಸೇನೆಯ ರೆಕಾರ್ಡ್ ಆಫೀಸಿಗೆ ಪತ್ರ, ಮತ್ತೆ ಅಲ್ಲಿಂದೊಂದು ಆಕ್ಷೇಪಣೆ. ಅಷ್ಟರವರೆಗೆ ಮನೆ ನಡೆಯಬೇಕಲ್ಲ? ಆ ತಿಂಗಳುಗಳ ರೇಷನ್, ಮಕ್ಕಳ ಫೀಸು ನಾವು ನೋಡಿಕೊಳ್ಳುತ್ತೇವೆ. ದಾನಿಗಳ ಹಣ ಮುಖ್ಯವಾಗಿ ಖರ್ಚಾಗುವುದು ಇಲ್ಲಿಯೇ.

ಈಗ ಪೆನ್ಷನ್ ಎಲ್ಲ ರಕ್ಷಣಾ ಇಲಾಖೆಯ ‘ಸ್ಪರ್ಶ್’ ಎಂಬ ಆನ್‌ಲೈನ್ ಪಿಂಚಣಿ ಪೋರ್ಟಲ್‌ನಲ್ಲಿ. ಒಳ್ಳೆಯದೇ. ಆದರೆ ಒಟಿಪಿ ಹೋಗುವುದು ತೀರಿಕೊಂಡವರ ಮೊಬೈಲಿಗೆ. ಮಗ ಆ ಸಿಮ್ ಆಗಲೇ ಬಂದ್ ಮಾಡಿಸಿರುತ್ತಾನೆ! ದಯವಿಟ್ಟು ಕುಟುಂಬ ಪಿಂಚಣಿ ಶುರುವಾಗುವವರೆಗೆ ಆ ನಂಬರ್ ಇಟ್ಟುಕೊಳ್ಳಿ.

ಇನ್ನೊಂದು ಗೊಂದಲ. ಮಾಮೂಲಿ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30. ನಿವೃತ್ತರು 67ರ ವಯಸ್ಸಿನೊಳಗೆ ತೀರಿಕೊಂಡರೆ ಮೊದಲು ಶೇ 50 ಬರುತ್ತದೆ. ಅದು 7 ವರ್ಷ, ಇಲ್ಲವೇ ಅವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ. ಆಮೇಲೆ ಒಂದು ತಿಂಗಳು ದಿಢೀರನೆ ಹಣ ಕಡಿಮೆಯಾದಾಗ ‘ಬ್ಯಾಂಕಿನವರು ಮೋಸ ಮಾಡಿದರು’ ಎಂದು ಗಾಬರಿಯಾಗಿ ಓಡಿ ಬರುತ್ತಾರೆ. ಮೊದಲೇ ತಿಳಿಸಿದ್ದರೆ ಈ ಗಾಬರಿ ಇರುತ್ತಿರಲಿಲ್ಲ.

ಕಾಗದದಿಂದ ಬಗೆಹರಿಯದ್ದೂ ಇದೆ. ಜವಾನರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಅಲ್ಲಿಯವರೆಗೆ ಮಕ್ಕಳಿಗೆ ಅವರು ರಜೆಯಲ್ಲಿ ಬಂದುಹೋಗುವ ಅಪ್ಪ. ಪೂರ್ತಿ ಮನೆಗೆ ಬಂದ ಮೇಲೆ ಕಿರಿಕಿರಿ ಶುರು. ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ಸೈಟಿನ ವ್ಯವಹಾರದವರೆಗೆ ಎಲ್ಲ ಹೆಂಡತಿಯೇ ನೋಡಿಕೊಂಡಿರುತ್ತಾರೆ. ಇವರು ಬಂದು ಆರ್ಡರ್ ಮಾಡಿದರೆ ಯಾರು ಕೇಳುತ್ತಾರೆ? ಕೆಲವರು ಸುಮ್ನೆ ಕ್ಯಾಂಟೀನ್ ರಮ್ಮಿನ ಹಿಂದೆ ಬೀಳುತ್ತಾರೆ. ನಮ್ಮ ಆಪ್ತಸಮಾಲೋಚಕರು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಯೇ ಮಾತಾಡುತ್ತಾರೆ. ಒಬ್ಬರನ್ನೇ ಕರೆದರೆ ಅದು ದೂರು ಹೇಳುವ ಜಾಗವಾಗಿಬಿಡುತ್ತದೆ.

ಪೆನ್ಷನ್ನೇ ಇಲ್ಲದವರೂ ಇದ್ದಾರೆ. ಜವಾನರಿಗೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. ಅದಕ್ಕೂ ಮುಂಚೆ ಬಂದವರಿಗೆ, ಅವರ ವಿಧವೆಯರಿಗೆ, 65 ದಾಟಿ ಬೇರೆ ಆದಾಯವಿಲ್ಲದಿದ್ದರೆ ಕೇಂದ್ರೀಯ ಸೈನಿಕ ಮಂಡಳಿಯ ಸಹಾಯಧನವಿದೆ. ತಿಂಗಳಿಗೆ 4,000 ರೂಪಾಯಿ ಇದ್ದದ್ದು 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 8,000 ಆಗಿದೆ. ಡಿಸೆಂಬರ್ 7ರ ಧ್ವಜ ದಿನದಂದು ನೀವು ಅಂಗಿಗೆ ಚುಚ್ಚಿಕೊಳ್ಳುವ ಆ ಚಿಕ್ಕ ಬಾವುಟದ ಹಣ ಇಂಥದಕ್ಕೇ ಹೋಗುವುದು.

ಈ ಸಹಾಯಧನದ ಅರ್ಜಿ ಹೋಗುವುದು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ. ಸೇವೆಯಿಂದ ಬಿಡುಗಡೆಯಾದಾಗ ಸೇನೆ ಕೊಟ್ಟ ಡಿಸ್ಚಾರ್ಜ್ ಬುಕ್ ಕಳೆದುಹೋಗಿದೆಯೆಂದು ಸುಮ್ಮನೆ ಕೂರಬೇಡಿ. ಆರ್ಮಿ ನಂಬರ್ ಗೊತ್ತಿದ್ದರೆ ರೆಕಾರ್ಡ್ ಆಫೀಸಿಗೆ ಬರೆದು ನಕಲು ಕೇಳಬಹುದು. ಹಳೆಯ ಮನಿಯಾರ್ಡರ್ ಚೀಟಿಯಲ್ಲೋ, ಅವರು ಬರೆದ ಪತ್ರದ ಹಿಂದೆಯೋ ಆ ನಂಬರ್ ಸಿಕ್ಕೀತು, ಟ್ರಂಕು ತೆಗೆದು ನೋಡಿ.