ಆರು ನಿಮಿಷದ ನಡಿಗೆ ಪರೀಕ್ಷೆ: ಮೀಟರಿನ ಲೆಕ್ಕಕ್ಕೆ ಅರ್ಥ ಬರುವ ಬಗೆ

ಹೃದಯ ವೈಫಲ್ಯ, ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆ, ಸ್ನಾಯುಕ್ಷಯ ಮೊದಲಾದವುಗಳ ಬಗೆಗಿನ ಸಂಶೋಧನಾ ವರದಿಗಳನ್ನು ಓದುವವರಿಗೆ ‘ಆರು ನಿಮಿಷದ ನಡಿಗೆ ಪರೀಕ್ಷೆ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಹೊಸ ಔಷಧ ಪಡೆದವರ ನಡಿಗೆಯ ದೂರ 28 ಮೀಟರ್ ಹೆಚ್ಚಾಯಿತೆಂದೋ, ವ್ಯಾಯಾಮ ಮಾಡಿದ ಗುಂಪು 20 ಮೀಟರ್ ಮುಂದಕ್ಕೆ ಹೋಯಿತೆಂದೋ ಅಲ್ಲಿ ಬರೆದಿರುತ್ತದೆ. ಆರು ನಿಮಿಷದಲ್ಲಿ ಕೆಲವು ಹತ್ತು ಹೆಜ್ಜೆ ಹೆಚ್ಚು ನಡೆದರೆ ಬಂದ ಲಾಭವೇನು ಎಂಬ ಪ್ರಶ್ನೆ ಓದುಗರಲ್ಲಿ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರ ದೂರದಲ್ಲಿ ಮಾತ್ರ ಇಲ್ಲ. ಆ ದೂರವನ್ನು ಯಾರು, ಯಾವ ಕಾಯಿಲೆಯಲ್ಲಿ, ಯಾವ ನಿಯಮದಡಿ ನಡೆದರು ಎಂಬುದರಲ್ಲಿದೆ. ಆದ್ದರಿಂದ ಈ ಪದವನ್ನು ಅದರ ನಿಯಮಗಳ ಸಮೇತ ಅರಿತುಕೊಳ್ಳಬೇಕು.

ಆರು ನಿಮಿಷದ ಅವಧಿಯಲ್ಲಿ ಒಬ್ಬ ವ್ಯಕ್ತಿ ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ತನ್ನದೇ ವೇಗದಲ್ಲಿ ನಡೆಯಬಲ್ಲ ಗರಿಷ್ಠ ದೂರವನ್ನು ಮೀಟರುಗಳಲ್ಲಿ ಅಳೆಯುವುದೇ ಈ ಪರೀಕ್ಷೆ. ಓಡುವಂತಿಲ್ಲ. ದಣಿವಾದರೆ ನಿಧಾನಿಸಬಹುದು, ನಿಲ್ಲಬಹುದು, ಗೋಡೆಗೆ ಒರಗಬಹುದು. ಆದರೆ ಆ ಹೊತ್ತಿನಲ್ಲಿ ಗಡಿಯಾರ ನಿಲ್ಲುವುದಿಲ್ಲ. ಸುಧಾರಿಸಿಕೊಳ್ಳಲು ತೆಗೆದುಕೊಂಡ ಸಮಯವೂ ಆರು ನಿಮಿಷದೊಳಗೇ ಸೇರುತ್ತದೆ. ಕೈಕೋಲನ್ನೋ ವಾಕರನ್ನೋ ದಿನವೂ ಬಳಸುವವರು ಪರೀಕ್ಷೆಯಲ್ಲಿಯೂ ಅದನ್ನು ಬಳಸಬೇಕು, ಮತ್ತು ಹಾಗೆ ಬಳಸಿದ್ದನ್ನು ದಾಖಲಿಸಬೇಕು.

ಅಮೆರಿಕದ ಎದೆರೋಗ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ 2002ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ನಡೆಯುವ ಹಾದಿ 30 ಮೀಟರ್ ಉದ್ದವಿರಬೇಕು. ಎರಡು ತುದಿಗಳಲ್ಲಿ ಕೋನ್‌ಗಳನ್ನು ಇಟ್ಟು ಅವುಗಳನ್ನು ಸುತ್ತಿ ಬರುವಂತೆ ಹೇಳಲಾಗುತ್ತದೆ. ಹಾದಿ ಚಿಕ್ಕದಾದಷ್ಟೂ ತಿರುವುಗಳು ಹೆಚ್ಚುತ್ತವೆ, ಪ್ರತಿ ತಿರುವಿನಲ್ಲಿಯೂ ವೇಗ ಕುಗ್ಗುತ್ತದೆ, ದೂರ ಕಡಿಮೆಯಾಗುತ್ತದೆ. ಟ್ರೆಡ್‌ಮಿಲ್ ಮೇಲೆ ನಡೆದು ಬಂದ ಅಂಕಿಯನ್ನು ಹಾದಿಯಲ್ಲಿ ನಡೆದು ಬಂದ ಅಂಕಿಯೊಡನೆ ಹೋಲಿಸುವಂತೆಯೂ ಇಲ್ಲ. ನಡೆಯುವ ಮುನ್ನ ಮತ್ತು ನಡೆದ ಬಳಿಕ ಏದುಸಿರು ಎಷ್ಟಿದೆ, ಆಯಾಸ ಎಷ್ಟಿದೆ ಎಂಬುದನ್ನು ರೋಗಿಯೇ, ಅವುಗಳ ತೀವ್ರತೆಗೆ ಅಂಕ ಕೊಡುವ ಬೋರ್ಗ್ ಮಾಪಕದಲ್ಲಿ ಗುರುತಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿನಿಂದ ರಕ್ತದ ಆಮ್ಲಜನಕದ ಮಟ್ಟವನ್ನೂ ನಾಡಿಯ ವೇಗವನ್ನೂ ನೋಡಲಾಗುತ್ತದೆ. ಎದೆನೋವು, ತಡೆಯಲಾಗದ ಏದುಸಿರು, ಕಾಲಿನ ಸೆಳೆತ, ತೂರಾಟ ಅಥವಾ ಮುಖ ಬಿಳಿಚಿಕೊಳ್ಳುವುದು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಈ ನಿಯಮಗಳ ಪೈಕಿ ನನಗೆ ಬಹಳ ಮುಖ್ಯವೆಂದು ತೋರುವುದು ಮಾತಿನ ನಿಯಮ. ಪರೀಕ್ಷೆ ನಡೆಸುವವರು ಪ್ರತಿ ನಿಮಿಷ ಮುಗಿದಾಗ ಗೊತ್ತುಪಡಿಸಿದ ವಾಕ್ಯವನ್ನಷ್ಟೇ ಸಮದನಿಯಲ್ಲಿ ಹೇಳಬೇಕು; ಮೊದಲ ನಿಮಿಷದ ಕೊನೆಗೆ ಹೇಳುವುದು ಹೀಗೆ: ಚೆನ್ನಾಗಿ ನಡೆಯುತ್ತಿದ್ದೀರಿ, ಇನ್ನು ಐದು ನಿಮಿಷ ಇದೆ. ಬೇರೆ ಹುರಿದುಂಬಿಸುವ ಮಾತು, ಸನ್ನೆ ಯಾವುದೂ ಸಲ್ಲದು. ರೋಗಿಯ ಜೊತೆಜೊತೆಗೆ ನಡೆಯಲೂ ಬಾರದು. ಇದು ಅತಿಯಾದ ಕಟ್ಟುನಿಟ್ಟು ಎನಿಸಬಹುದು. ಆದರೆ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರೋತ್ಸಾಹದ ಮಾತು ಕೇಳಿಸಿಕೊಂಡು ನಡೆದ ರೋಗಿಗಳು ಮೌನದಲ್ಲಿ ನಡೆದಾಗಿನದಕ್ಕಿಂತ ಸುಮಾರು 30 ಮೀಟರ್ ಹೆಚ್ಚು ದೂರ ಹೋಗಿದ್ದರು. ಹಲವು ಔಷಧಗಳು ತರುವ ಬದಲಾವಣೆಯೂ ಅಷ್ಟೇ ಇರುತ್ತದೆ. ಅಂದರೆ ಒಂದು ಕೇಂದ್ರದಲ್ಲಿ ಹುರಿದುಂಬಿಸಿ, ಇನ್ನೊಂದರಲ್ಲಿ ಸುಮ್ಮನಿದ್ದು, ಎರಡೂ ಕಡೆಯ ಅಂಕಿಗಳನ್ನು ಬೆರೆಸಿದರೆ ಔಷಧದ ಗುಣ ಯಾವುದು, ಮಾತಿನ ಗುಣ ಯಾವುದು ಎಂದು ಬೇರ್ಪಡಿಸಲು ಸಾಧ್ಯವೇ ಆಗದು.

ಪರೀಕ್ಷೆಯ ಮೂಲ ಆಸ್ಪತ್ರೆಯಲ್ಲಿಲ್ಲ. ಅಮೆರಿಕದ ವಾಯುಪಡೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್ ಅವರು ಯೋಧರ ದೇಹದಾರ್ಢ್ಯವನ್ನು ಅಳೆಯಲು ರೂಪಿಸಿದ 12 ನಿಮಿಷದ ಓಟದ ಪರೀಕ್ಷೆಯನ್ನು 1968ರಲ್ಲಿ ಪ್ರಕಟಿಸಿದರು. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನು 12 ನಿಮಿಷದ ನಡಿಗೆಯಾಗಿ ಮಾರ್ಪಡಿಸಿ, ದೀರ್ಘಕಾಲಿಕ ಬ್ರಾಂಕೈಟಿಸ್ (ಶ್ವಾಸನಾಳಗಳ ಉರಿಯೂತ) ಇದ್ದವರಲ್ಲಿ ಬಳಸಿದರು. ಉಸಿರಿಗೇ ಕಷ್ಟಪಡುವವರಿಗೆ 12 ನಿಮಿಷ ದೊಡ್ಡ ಶಿಕ್ಷೆ. 1982ರಲ್ಲಿ 2, 6 ಮತ್ತು 12 ನಿಮಿಷದ ನಡಿಗೆಗಳನ್ನು ಹೋಲಿಸಿ ನೋಡಿದಾಗ ಮೂರೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡದ್ದು ಕಂಡುಬಂತು; ನಡುವಿನದು ಉಳಿದುಕೊಂಡಿತು. 1985ರಲ್ಲಿ ಹೃದಯ ವೈಫಲ್ಯದ ರೋಗಿಗಳಿಗೂ ಅದು ತಕ್ಕ ಅಳತೆ ಎಂದು ತೋರಿಸಲಾಯಿತು.

ಈ ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ ಎಂಬಲ್ಲಿ ಗೊಂದಲ ಹೆಚ್ಚು. ಹೃದಯ ಎಷ್ಟು ರಕ್ತವನ್ನು ಒತ್ತುತ್ತದೆ, ಶ್ವಾಸಕೋಶ ಎಷ್ಟು ಗಾಳಿಯನ್ನು ಹಿಡಿಯುತ್ತದೆ, ತೊಡೆಯ ಸ್ನಾಯು ಎಷ್ಟು ಬಲ ಹಾಕುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಹೇಳುವ ಪರೀಕ್ಷೆಗಳು ಬೇರೆ ಇವೆ. ನಡಿಗೆಯ ದೂರ ಇವೆಲ್ಲದರ ಒಟ್ಟು ಫಲ: ಹೃದಯ, ಉಸಿರು, ರಕ್ತನಾಳ, ನರ, ಸ್ನಾಯು, ಕೀಲು, ಸಮತೋಲನ, ಮನಸ್ಸಿನ ಉತ್ಸಾಹ ಎಲ್ಲವೂ ಅದರಲ್ಲಿ ಕೂಡಿಕೊಂಡಿವೆ. ಹೀಗಾಗಿ ದೂರ ಕಡಿಮೆಯಾದಾಗ ಯಾವ ಅಂಗದ ದೋಷದಿಂದ ಕಡಿಮೆಯಾಯಿತೆಂದು ಈ ಪರೀಕ್ಷೆಯೊಂದೇ ತಿಳಿಸಲಾರದು. ಇದನ್ನು ಕೊರತೆಯೆಂದು ಕಾಣುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದರ ಬೆಲೆ ಇರುವುದೇ ಅಲ್ಲಿ. ರೋಗಿ ದಿನವೂ ಮಾಡಬೇಕಾದ ಕೆಲಸ ನಡಿಗೆಯೇ ಹೊರತು, ಮುಖಕ್ಕೆ ಕೊಳವೆ ಸಿಕ್ಕಿಸಿಕೊಂಡು ಸೈಕಲ್ ತುಳಿಯುವುದಲ್ಲ.

ಆರೋಗ್ಯವಂತರ ದೂರ ಎಷ್ಟು? 1998ರಲ್ಲಿ ಪ್ರಕಟವಾದ, 40ರಿಂದ 80 ವರ್ಷದವರ ಒಂದು ಅಧ್ಯಯನದಲ್ಲಿ ಗಂಡಸರ ನಡುಮೌಲ್ಯ (ಅರ್ಧ ಮಂದಿ ಅದಕ್ಕಿಂತ ಹೆಚ್ಚು, ಅರ್ಧ ಮಂದಿ ಕಡಿಮೆ ನಡೆದ ದೂರ) 576 ಮೀಟರ್, ಹೆಂಗಸರದು 494 ಮೀಟರ್ ಇತ್ತು. 576 ಮೀಟರ್ ಎಂದರೆ ಗಂಟೆಗೆ ಆರು ಕಿಲೋಮೀಟರಿಗೆ ತುಸು ಕಡಿಮೆಯಾದ ಬಿರುಸು ನಡಿಗೆ. ವಯಸ್ಸು, ಎತ್ತರ, ತೂಕಕ್ಕೆ ತಕ್ಕಂತೆ ಇದು ಬದಲಾಗುವುದರಿಂದ ಎಲ್ಲರಿಗೂ ಒಂದೇ ‘ಸರಿಯಾದ’ ಅಂಕಿ ಎಂಬುದಿಲ್ಲ. ಶ್ವಾಸಕೋಶದ ದೀರ್ಘಕಾಲಿಕ ಅಡಚಣೆಯ ಕಾಯಿಲೆಯಲ್ಲಿ ಮುಂದಿನ ಅಪಾಯವನ್ನು ಅಂದಾಜಿಸಲು 2004ರಲ್ಲಿ ಮಂಡಿಸಲಾದ ‘ಬೋಡ್’ ಸೂಚ್ಯಂಕವು ಎತ್ತರಕ್ಕೆ ಹೋಲಿಸಿದ ದೇಹತೂಕ, ಉಸಿರಿನ ಅಡಚಣೆ, ಏದುಸಿರುಗಳ ಜೊತೆಗೆ ಈ ದೂರವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 350 ಮೀಟರಿಗಿಂತ ಕೆಳಗಿಳಿದಂತೆ ಅಪಾಯದ ಅಂಕ ಏರುತ್ತದೆ.

ಎಷ್ಟು ಮೀಟರಿನ ಬದಲಾವಣೆಯನ್ನು ಅರ್ಥವುಳ್ಳದ್ದೆಂದು ತಿಳಿಯಬೇಕು? ಇದಕ್ಕೆ ಸಂಶೋಧಕರು ‘ಕನಿಷ್ಠ ಮಹತ್ವದ ವ್ಯತ್ಯಾಸ’ ಎಂಬ ಪರಿಕಲ್ಪನೆಯನ್ನು ಬಳಸುತ್ತಾರೆ. ರೋಗಿಯ ಅನುಭವಕ್ಕೆ ಬರುವಷ್ಟು, ಅಥವಾ ಆತನ ಮುಂದಿನ ಆರೋಗ್ಯದ ಮೇಲೆ ಪರಿಣಾಮ ಕಾಣುವಷ್ಟು ಇರುವ ಅತಿ ಕಡಿಮೆ ಬದಲಾವಣೆ ಅದು. ಯುರೋಪಿನ ಮತ್ತು ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು 2014ರಲ್ಲಿ ಸೇರಿ ಪ್ರಕಟಿಸಿದ ದಾಖಲೆಯಲ್ಲಿ, ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಯುಳ್ಳ ವಯಸ್ಕರಿಗೆ ಇದು ಸುಮಾರು 30 ಮೀಟರ್ ಎಂದಿದೆ. ಅದೇ ದಾಖಲೆ ಇನ್ನೊಂದು ಎಚ್ಚರವನ್ನೂ ಹೇಳುತ್ತದೆ: ಮೊದಲ ಸಲಕ್ಕಿಂತ ಎರಡನೆಯ ಸಲ ರೋಗಿಗಳು ಸರಾಸರಿ 26 ಮೀಟರ್ ಹೆಚ್ಚು ನಡೆಯುತ್ತಾರೆ. ಇದು ಚಿಕಿತ್ಸೆಯ ಫಲವಲ್ಲ, ರೂಢಿಯ ಫಲ. ಆದ್ದರಿಂದ ಆರಂಭದಲ್ಲಿ ಎರಡು ಸಲ ನಡೆಸಿ ಹೆಚ್ಚಿನ ದೂರವನ್ನು ತೆಗೆದುಕೊಳ್ಳಬೇಕು.

ಹೃದಯ ವೈಫಲ್ಯಕ್ಕೆ ವ್ಯಾಯಾಮ ತರಬೇತಿ ಎಷ್ಟು ಒದಗುತ್ತದೆ ಎಂದು ನೋಡಲು 2331 ರೋಗಿಗಳೊಡನೆ ನಡೆದ ‘ಹೆಚ್‌ಎಫ್-ಆಕ್ಷನ್’ ಪ್ರಯೋಗದ ಫಲಿತಾಂಶ 2009ರಲ್ಲಿ ಹೊರಬಂತು. ಮೂರು ತಿಂಗಳ ಬಳಿಕ ವ್ಯಾಯಾಮದ ಗುಂಪಿನ ದೂರ 20 ಮೀಟರ್, ಎಂದಿನ ಚಿಕಿತ್ಸೆಯ ಗುಂಪಿನದು 5 ಮೀಟರ್ ಹೆಚ್ಚಿತ್ತು, ಇವು ನಡುಮೌಲ್ಯಗಳು. ವ್ಯತ್ಯಾಸ ಸಂಖ್ಯಾಶಾಸ್ತ್ರಕ್ಕೆ ಸ್ಪಷ್ಟವಾಗಿ ಕಾಣುವಂಥದ್ದು, ಆದರೆ ಸಾಧಾರಣ. ಇದಕ್ಕೆ ತದ್ವಿರುದ್ಧವಾಗಿ, ಶ್ವಾಸಕೋಶದ ರಕ್ತನಾಳಗಳ ತೀವ್ರ ಒತ್ತಡದ ಕಾಯಿಲೆಗೆ ಎಪೊಪ್ರೊಸ್ಟೆನಾಲ್ ಎಂಬ ಔಷಧವನ್ನು 81 ರೋಗಿಗಳಲ್ಲಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರಗಳಲ್ಲಿ ಔಷಧ ಪಡೆದವರ ನಡುಮೌಲ್ಯ 315ರಿಂದ 362 ಮೀಟರಿಗೆ ಏರಿತು, ಪಡೆಯದವರದು 270ರಿಂದ 204ಕ್ಕೆ ಇಳಿಯಿತು. ಆ ಅವಧಿಯಲ್ಲಿ ತೀರಿಕೊಂಡ ಎಂಟೂ ಮಂದಿ ಔಷಧ ಪಡೆಯದ ಗುಂಪಿನವರು. ಅಲ್ಲಿ ಮೀಟರು ಬದುಕಿನ ಜೊತೆಗೇ ಏರಿಳಿದಿತ್ತು.

ನರಸ್ನಾಯು ಕಾಯಿಲೆಗಳಿಗೆ ಬಂದಾಗ ಪರೀಕ್ಷೆಯ ಸ್ವರೂಪವೇ ಬದಲಾಗುತ್ತದೆ. ಇಲ್ಲಿ ಕಾಲು ಸೋಲುವುದಕ್ಕೆ ಮುಖ್ಯ ಕಾರಣ ಉಸಿರಲ್ಲ, ಸ್ನಾಯುವೇ. ಪಾಂಪೆ ಕಾಯಿಲೆಯಲ್ಲಿ ಒಂದು ಕಿಣ್ವದ ಕೊರತೆಯಿಂದ ಗ್ಲೈಕೋಜನ್ (ದೇಹವು ಸಕ್ಕರೆಯನ್ನು ಕೂಡಿಡುವ ರೂಪ) ಸ್ನಾಯುಕೋಶಗಳಲ್ಲಿ ಶೇಖರವಾಗಿ ಸೊಂಟ, ತೊಡೆ ಮತ್ತು ಉಸಿರಾಟ ನಡೆಸುವ ವಪೆಯ ಸ್ನಾಯುಗಳು ಕ್ಷೀಣಿಸುತ್ತವೆ. ಆ ಕಿಣ್ವವನ್ನು ಹೊರಗಿನಿಂದ ಕೊಟ್ಟು 90 ರೋಗಿಗಳಲ್ಲಿ 78 ವಾರ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಗುಂಪುಗಳ ನಡುವೆ 28 ಮೀಟರ್ ಅಂತರ ಕಂಡಿತು. ಚಿಕಿತ್ಸೆ ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುವ ಕಾಯಿಲೆಯಲ್ಲಿ ಈ 28 ಮೀಟರಿನ ತೂಕವೇ ಬೇರೆ.

ಡುಶೆನ್ ಸ್ನಾಯುಕ್ಷಯದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇಲ್ಲದೆ ಸ್ನಾಯುತಂತುಗಳ ಪೊರೆ ದುರ್ಬಲವಾಗುವ ಈ ಕಾಯಿಲೆ ಹೆಚ್ಚಾಗಿ ಗಂಡುಮಕ್ಕಳನ್ನು ಕಾಡುತ್ತದೆ. ಮಕ್ಕಳು ಎಡವಿ ಬೀಳುವ ಭಯವಿರುವುದರಿಂದ ಒಬ್ಬರು ಹಿಂದೆಯೇ ನಡೆದು ಕಾವಲಿರುತ್ತಾರೆ. ಚಿಕ್ಕಮಕ್ಕಳ ಗಮನ ಬೇಗ ಚದುರುವುದರಿಂದ ಮೌನದ ನಿಯಮವನ್ನೂ ಸಡಿಲಿಸಿ, ಎಡೆಬಿಡದೆ ಹುರಿದುಂಬಿಸಲಾಗುತ್ತದೆ. ಇಲ್ಲಿನ ದೊಡ್ಡ ತೊಡಕು ಬೆಳವಣಿಗೆಯದು. ಮಗು ಎತ್ತರವಾದಂತೆ ಹೆಜ್ಜೆ ಉದ್ದವಾಗುತ್ತದೆ. ಆದ್ದರಿಂದ ಸ್ನಾಯು ಕ್ಷಯಿಸುತ್ತಿದ್ದರೂ ಸುಮಾರು ಏಳು ವರ್ಷದವರೆಗೆ ದೂರ ಹೆಚ್ಚುತ್ತಲೇ ಇರಬಹುದು, ಆಮೇಲೆ ಇಳಿಮುಖವಾಗುತ್ತದೆ. ಆರಂಭದಲ್ಲಿಯೇ 350 ಮೀಟರಿಗಿಂತ ಕಡಿಮೆ ನಡೆಯುವ ಬಾಲಕರಲ್ಲಿ ಈ ಇಳಿತ ಹೆಚ್ಚು ವೇಗದ್ದು. ಐದು ವರ್ಷದ ಮಗುವಿನ 30 ಮೀಟರ್ ಏರಿಕೆಗೂ ಹತ್ತು ವರ್ಷದ ಬಾಲಕನ 30 ಮೀಟರ್ ಏರಿಕೆಗೂ ಒಂದೇ ಅರ್ಥ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಡುಶೆನ್ ಕಾಯಿಲೆಗೆ ಅಟಾಲುರೆನ್ ಎಂಬ ಔಷಧವನ್ನು ಕೊಟ್ಟು ನಡೆಸಿದ ಪ್ರಯೋಗಗಳು ಇದನ್ನು ಎತ್ತಿ ತೋರಿಸಿದವು. ಮೊದಲ ದೊಡ್ಡ ಪ್ರಯೋಗದಲ್ಲಿ 48 ವಾರಗಳ ಕೊನೆಗೆ, ಕಡಿಮೆ ಪ್ರಮಾಣದ ಔಷಧ ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಸುಮಾರು 31 ಮೀಟರ್ ಅಂತರವಿತ್ತು. ಅದನ್ನು ಖಚಿತಪಡಿಸಿಕೊಳ್ಳಲು ನಡೆಸಿ 2017ರಲ್ಲಿ ಪ್ರಕಟಿಸಿದ ಇನ್ನೂ ದೊಡ್ಡ ಪ್ರಯೋಗದಲ್ಲಿ ಅಂತರ 13 ಮೀಟರಿಗೆ ಕುಗ್ಗಿ, ಆಕಸ್ಮಿಕವೆಂದು ತಳ್ಳಿಹಾಕಲಾಗದಷ್ಟು ಬಲ ಅದಕ್ಕೆ ಉಳಿಯಲಿಲ್ಲ. ಆದರೆ ಆರಂಭದಲ್ಲಿ 300ರಿಂದ 400 ಮೀಟರಿನ ನಡುವೆ ನಡೆಯುತ್ತಿದ್ದ ಬಾಲಕರನ್ನಷ್ಟೇ ಬೇರೆ ಮಾಡಿ ನೋಡಿದಾಗ ಅಂತರ ಸುಮಾರು 43 ಮೀಟರಿತ್ತು. 400ಕ್ಕಿಂತ ಹೆಚ್ಚು ನಡೆಯುವವರು ಒಂದು ವರ್ಷದೊಳಗೆ ಹೆಚ್ಚು ಇಳಿಯುವುದಿಲ್ಲವಾದ್ದರಿಂದ ಔಷಧಕ್ಕೆ ಅಲ್ಲಿ ತನ್ನ ಗುಣ ತೋರಿಸಲು ಅವಕಾಶವೇ ಕಡಿಮೆ. 300ಕ್ಕಿಂತ ಕೆಳಗಿನವರಲ್ಲಿ ಉಳಿಸಲು ಸ್ನಾಯುವೇ ಕಡಿಮೆ. ಈ ವಿವರಣೆ ತರ್ಕಬದ್ಧವಾಗಿದೆ ಎಂದು ನನಗನ್ನಿಸಿದರೂ, ಮುಖ್ಯ ಗುರಿ ತಪ್ಪಿದ ಪ್ರಯೋಗದೊಳಗಿನ ಒಂದು ಉಪಗುಂಪಿನ ಫಲಿತಾಂಶವನ್ನು ಪುರಾವೆ ಎಂದು ಒಪ್ಪಲಾಗದು. ಅದು ಮುಂದಿನ ಪ್ರಯೋಗಕ್ಕೆ ಬೇಕಾದ ಊಹೆ ಮಾತ್ರ.

ಕೆಲವೊಮ್ಮೆ ಒಟ್ಟು ದೂರಕ್ಕಿಂತ ಅದು ನಿಮಿಷ ನಿಮಿಷಕ್ಕೆ ಹೇಗೆ ಹಂಚಿಕೆಯಾಗಿದೆ ಎಂಬುದೇ ಹೆಚ್ಚು ಹೇಳುತ್ತದೆ. ಬೆನ್ನುಹುರಿಯ ಚಲನ ನರಕೋಶಗಳು ನಶಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇದ್ದವರು ಮೊದಲ ನಿಮಿಷದಲ್ಲಿ ನಡೆದಷ್ಟನ್ನು ಆರನೆಯ ನಿಮಿಷದಲ್ಲಿ ನಡೆಯಲಾರರೆಂದು 2010ರ ಒಂದು ಅಧ್ಯಯನ ತೋರಿಸಿತು. ಬಲ ಅಳೆಯುವ ಪರೀಕ್ಷೆಗಳಲ್ಲಿ ಕಾಣದ ದಣಿವು ಇಲ್ಲಿ ಕಣ್ಣಿಗೆ ಬೀಳುತ್ತದೆ.

ಸ್ನಾಯು ಕಾಯಿಲೆ ಇರುವವರು ವ್ಯಾಯಾಮ ಮಾಡಲೇಬಾರದು ಎಂಬ ಹಳೆಯ ಭಯವನ್ನು ಪರಿಶೀಲಿಸುವಲ್ಲಿಯೂ ಈ ಅಳತೆ ನೆರವಾಗಿದೆ. ಸ್ನಾಯುಗಳು ದುರ್ಬಲವಾಗಿ, ಬಿಗಿದ ಮೇಲೆ ಬೇಗ ಸಡಿಲಗೊಳ್ಳದಿರುವ ಮಯೊಟಾನಿಕ್ ಡಿಸ್ಟ್ರೋಫಿಯ ಒಂದನೆಯ ಬಗೆಯುಳ್ಳ 255 ಮಂದಿಯೊಡನೆ ಯುರೋಪಿನ ನಾಲ್ಕು ದೇಶಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಆಪ್ಟಿಮಿಸ್ಟಿಕ್’ ಪ್ರಯೋಗದಲ್ಲಿ, ಮನೋಚಿಕಿತ್ಸೆಯನ್ನೂ, ಕೆಲವರು ಅದರ ಜೊತೆಗೆ ಹಂತಹಂತದ ವ್ಯಾಯಾಮವನ್ನೂ ಪಡೆದ ಗುಂಪಿನ ದೈನಂದಿನ ಚಟುವಟಿಕೆಯ ಅಂಕದ ಜೊತೆಗೆ ನಡಿಗೆಯ ದೂರವೂ ಹೆಚ್ಚಿತು. ಹಾಗೆಂದು ಎಲ್ಲ ಸ್ನಾಯು ಕಾಯಿಲೆಗೂ ಎಲ್ಲ ವ್ಯಾಯಾಮವೂ ಒಗ್ಗುತ್ತದೆ ಎಂದಲ್ಲ: ಇಳಿಜಾರಿನಲ್ಲಿ ಇಳಿಯುವಾಗಿನಂತೆ ಸ್ನಾಯು ಹಿಗ್ಗುತ್ತಲೇ ಬಲ ಹಾಕಬೇಕಾದ ಕಸರತ್ತು ಡುಶೆನ್ ಇರುವ ಮಕ್ಕಳ ಸ್ನಾಯುತಂತುಗಳಿಗೆ ಹಾನಿ ತರಬಲ್ಲದು.

ಇನ್ನು, ನಡೆಯಲಾರದವರಿಗೆ ಈ ಪರೀಕ್ಷೆ ಇಲ್ಲವೇ ಇಲ್ಲ. ಗಾಲಿಕುರ್ಚಿಗೆ ಬಂದ ಬಾಲಕನ ದಾಖಲೆಯಲ್ಲಿ ಸೊನ್ನೆ ಎಂದು ಬರೆದ ದಿನದಿಂದ ಈ ಮಾಪಕಕ್ಕೆ ಆತನ ಬಗ್ಗೆ ಹೇಳಲು ಏನೂ ಉಳಿಯುವುದಿಲ್ಲ, ಲೋಟ ಎತ್ತುವ, ಬರೆಯುವ, ಕುರ್ಚಿಯ ಗುಂಡಿ ಒತ್ತುವ ಶಕ್ತಿ ಆತನಲ್ಲಿ ವರ್ಷಗಟ್ಟಲೆ ಇದ್ದರೂ. ನಡಿಗೆಯ ದೂರವೇ ಮುಖ್ಯ ಅಳತೆಯಾಗಿರುವ ಪ್ರಯೋಗಗಳಿಗೆ ಇಂಥವರನ್ನು ಸೇರಿಸಿಕೊಳ್ಳಲು ಆಗುವುದಿಲ್ಲ, ಮತ್ತು ಇದು ನನಗೆ ಬಹಳ ಅನ್ಯಾಯವೆಂದು ತೋರುತ್ತದೆ. ಅದಕ್ಕಾಗಿಯೇ ತೋಳು, ಮೊಣಕೈ, ಬೆರಳುಗಳ ಕೆಲಸಕ್ಕೆ ಅಂಕ ಕೊಡುವ ಬೇರೆ ಮಾಪಕವನ್ನು ರೂಪಿಸಲಾಗಿದೆ. ನಡೆಯುವವರಿಗೂ ಈಗ ಇನ್ನೊಂದು ದಾರಿ ತೆರೆದಿದೆ: ಕಾಲಿಗೆ ಕಟ್ಟಿದ ಸಂವೇದಕದಿಂದ ದಿನನಿತ್ಯದ ಬದುಕಿನಲ್ಲಿ ಇಡುವ ಅತಿ ವೇಗದ ಹೆಜ್ಜೆಗಳನ್ನು ಅಳೆಯುವ ವಿಧಾನವನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು ಡುಶೆನ್ ಪ್ರಯೋಗಗಳಲ್ಲಿ 2019ರಲ್ಲಿ ಪೂರಕ ಅಳತೆಯಾಗಿಯೂ 2023ರಲ್ಲಿ ಮುಖ್ಯ ಅಳತೆಯಾಗಿಯೂ ಒಪ್ಪಿಕೊಂಡಿತು. ಅಲ್ಲಿ 30 ಮೀಟರಿನ ಹಾದಿಯೂ ಬೇಕಿಲ್ಲ, ನಿಮಿಷಕ್ಕೊಮ್ಮೆ ಹೇಳುವ ಮಾತೂ ಬೇಕಿಲ್ಲ; ಮಗು ತನ್ನ ಮನೆಯಲ್ಲಿ, ಶಾಲೆಯಲ್ಲಿ ಓಡಾಡಿಕೊಂಡಿರುವಾಗಲೇ ಅಳತೆ ನಡೆಯುತ್ತದೆ.